ಮಲ್ಕಮ್ಮನ ಖೋಲಿಗೆ ಬಂದ ಇರಾನಿ ಬೆಕ್ಕು

ಆಳಂದದ ಜಗದೇವಪ್ಪ ಸಾವಕಾರರ ವಾಡೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಬಾಡಿಗೆಗೆ ಬರುವವರಿಗೆ ಅವರು ಹೇಳುತ್ತಿದ್ದ ಮೊದಲ ಮಾತೇ ಅದು. ನೀರು ಎಲ್ಲಿ, ಪಾಯಖಾನೆ ಎಲ್ಲಿ ಎಂಬುದೆಲ್ಲ ಆಮೇಲೆ. ಹೀಗಾಗಿ ಬಟ್ಟೆ ಹೊಲಿಯುವ ಮಲ್ಕಮ್ಮನ ಖೋಲಿಯಲ್ಲಿ ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತುಬಿದ್ದಿತ್ತು, ಕನ್ನಡಿ ಹೊಲಿಗೆ ಯಂತ್ರಕ್ಕೆ ಒರಗಿತ್ತು, ಗಂಡ ಹುಲೆಪ್ಪನ ಫೋಟೋ ತಗಡಿನ ಟ್ರಂಕಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ಹುಲೆಪ್ಪ ಬದುಕಿದ್ದಾಗ ಲಾರಿ ಓಡಿಸುತ್ತಿದ್ದವನು, ಒಂದು ಕಡೆ ನಿಂತವನಲ್ಲ. ಸತ್ತ ಮೇಲೂ ಪಾಪ, ಹದಿನೈದು ವರ್ಷ ಅದೇ ಟ್ರಂಕಿನ ಮೇಲೆ ಕೂತು ನಾಲ್ಕು ಮನೆ ತಿರುಗಿದ್ದ.

ಮೊದಲನೆಯ ಮನೆ ಬಿಡಿಸಿದ್ದು ಯಂತ್ರದ ಸದ್ದು. ಎರಡನೆಯದು ಮನೆಯವರ ಮಗನ ಮದುವೆ. ಮೂರನೆಯ ಮನೆಯೊಡತಿ, "ಒಬ್ಬಾಕಿ ಹೆಣ್ಮಗಳ ಮನೀಗಿ ಇಷ್ಟ ಮಂದಿ ಬಂದು ಹೋಗೂದು ಚಂದ ಕಾಣಂಗಿಲ್ಲ" ಎಂದಿದ್ದಳು. ಬಂದು ಹೋಗುತ್ತಿದ್ದವರೆಲ್ಲ ಕುಪ್ಪಸದ ಬಟ್ಟೆ ಹಿಡಿದ ಹೆಂಗಸರು ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯದು ಈ ವಾಡೆ. ಬಜಾರಿಗೆ ಹತ್ತಿರ, ಹಳ್ಳಿಗಳಿಂದ ಸಂತೆಗೆ ಬಂದ ಹೆಂಗಸರು ನೆಟ್ಟಗೆ ಬಂದು ಬಾಗಿಲು ತಟ್ಟಬಹುದಾದ ಜಾಗ. ಇಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಆದರೂ ಟ್ರಂಕಿನ ತಳದ ಬಟ್ಟೆಗಳನ್ನು ಮಲ್ಕಮ್ಮ ಇನ್ನೂ ಹೊರಗೆ ತೆಗೆದಿರಲಿಲ್ಲ. ಬಾಡಿಗೆಯವರ ಬಾಳೇ ಹಾಗೆ, ಅರ್ಧ ಮನೆಯಲ್ಲಿ, ಅರ್ಧ ಟ್ರಂಕಿನಲ್ಲಿ.

ಜಗದೇವಪ್ಪ ಕೆಟ್ಟ ಮನುಷ್ಯರಲ್ಲ. ತೊಗರಿ ವ್ಯಾಪಾರಿ, ಅಷ್ಟೆ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಮೇಲಿನದು, ನಡುವಿನದು, ತಳದ್ದು ಎಂದು ಮೂರು ಸಲ ಕಾಳು ಹೊರತೆಗೆದು ಅಂಗೈ ಮೇಲೆ ಹರಡಿ ನೋಡದೆ ಅವರು ಯಾವ ಮಾಲನ್ನೂ ಒಪ್ಪಿದವರಲ್ಲ. ಅದನ್ನು ಅವರು ನಮೂನೆ ನೋಡುವುದು ಎನ್ನುತ್ತಿದ್ದರು. ಮಗಳಿಗೆ ವರ ಹುಡುಕಲು ಹೋದಾಗಲೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬೇರೆ ಬೇರೆ ದಿನ ಹೋಗಿ ಬಂದಿದ್ದರು ಎಂದು ಅವರ ಹೆಂಡತಿ ಶರಣಬಸಮ್ಮ ಹೇಳಿಕೊಂಡು ನಗುತ್ತಿದ್ದರು. ಅಂಗಳದ ಎಡಕ್ಕೆ ಅವರ ತೊಗರಿಯ ಗೋದಾಮು, ಬಲಕ್ಕೆ ಮಲ್ಕಮ್ಮನ ತಗಡು ಹೊದಿಸಿದ ಖೋಲಿ. ಗೋದಾಮಿನ ಚೀಲಗಳನ್ನು ಇಲಿ ಕಡಿದು ತೂತು ಮಾಡುತ್ತಿದ್ದವು. ಪ್ರತಿ ಸೋಮವಾರ ದಬ್ಬಣ, ಸುತಳಿ ಹಿಡಿದು ಹೋಗಿ ಆ ತೂತುಗಳಿಗೆ ತೇಪೆ ಹಾಕುವುದು ಮಲ್ಕಮ್ಮನ ಕೆಲಸ. ವಾರಕ್ಕೆ ಎಂಟು ಹತ್ತು ಚೀಲಕ್ಕೆ ಕಡಿಮೆ ಇರುತ್ತಿರಲಿಲ್ಲ.

೧೯೯೨ರ ಬಸವ ಜಯಂತಿಗೆ ಮೂರು ದಿನ ಮುಂಚೆ, ಕೈಯಲ್ಲಿ ಮುಚ್ಚಳದ ಬುಟ್ಟಿ ಹಿಡಿದುಕೊಂಡು ನಜಮುನ್ನಿಸಾ ಆಪಾ ಬಂದರು. ದರ್ಗಾ ಕಡೆಯ ಓಣಿಯಲ್ಲಿ ನಲವತ್ತು ವರ್ಷ ಹೊಲಿಗೆ ಮಾಡಿದ ಹಿರಿಯ ಹೆಂಗಸು. ಗಂಡ ಸತ್ತ ಮೇಲೆ ತವರೂರು ಮಟಕಿಯಿಂದ ಕಣ್ಣೀರು ಒರೆಸಿಕೊಳ್ಳುತ್ತ ಬಂದಿದ್ದ ಮಲ್ಕಮ್ಮನನ್ನು ಯಂತ್ರದ ಮುಂದೆ ಕೂರಿಸಿ ಕಸುಬು ಕಲಿಸಿದವರು ಅವರೇ. ಹೊಲಿಗೆಗಿಂತ ಮೊದಲು ಅವರು ಕಲಿಸಿದ ಪಾಠ ಒಂದೇ: ಗಿರಾಕಿ ಕೊಟ್ಟ ಬಟ್ಟೆ ಅಮಾನತ್ತು, ನಂಬಿ ಇಟ್ಟುಹೋದ ಮಾಲು. ಕತ್ತರಿಸಿ ಉಳಿದದ್ದು ಬೆರಳಗಲದ ಚೂರಾದರೂ ಕಟ್ಟಿ ವಾಪಸು ಕೊಡಬೇಕು. ಮಲ್ಕಮ್ಮನ ಗಿರಾಕಿಗಳಿಗೆ ಕುಪ್ಪಸದ ಜೊತೆ ಒಂದು ಚೂರುಗಳ ಗಂಟೂ ಸಿಗುತ್ತಿತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಆಪಾ ತಮ್ಮನ ಜೊತೆ ಹಜ್‌ಗೆ ಹೊರಟಿದ್ದರು. ಹೊರಡುವ ಮುಂಚೆ ಗೊತ್ತಿದ್ದವರ ಮನೆಗೆಲ್ಲ ಹೋಗಿ, ಆಡಿದ ಮಾತಿಗೆ, ಮಾಡಿದ ತಪ್ಪಿಗೆ ಮಾಫಿ ಕೇಳಿಕೊಂಡು ಬರುವುದು ಅವರಲ್ಲಿ ವಾಡಿಕೆ.

"ಮಲ್ಕಮ್ಮಾ, ಒಂದ್ಸಲ ನಿನ್ನ ಕೈಮ್ಯಾಲ ಗಜಕಡ್ಡಿ ತಗೊಂಡು ಹೊಡದಿದ್ದೆ. ನೆನಪದ ಏನು?"

"ತೋಳು ಉಲ್ಟಾ ಕತ್ತರಿಸಿದ್ದೆ, ಹೊಡದ್ರಿ. ಇವತ್ತಿನ ತನಕಾ ಮತ್ತ ಉಲ್ಟಾ ಮಾಡಿಲ್ರಿ ಆಪಾ."

"ಮಾಫ್ ಮಾಡು, ಬೇಟಿ."

ಮಲ್ಕಮ್ಮ ಅವರ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಅಮ್ಮನಂಥ ಹೆಂಗಸು ಕೈ ಹಿಡಿದು ಕ್ಷಮೆ ಕೇಳುತ್ತಿರುವಾಗ ಯಾರಾದರೂ ಹಾಗೇ ಮಾಡುತ್ತಾರೆ. ಅದೇ ಹೊತ್ತಿಗೆ ಆಪಾ ಬುಟ್ಟಿಯ ಮುಚ್ಚಳ ತೆಗೆದರು. ಒಳಗೆ ಹತ್ತಿಯ ರಾಶಿಯೊಂದು ಕೂತಿತ್ತು. ರಾಶಿಗೆ ಎರಡು ಕಣ್ಣಿದ್ದವು. ಹೈದರಾಬಾದಿನ ದೊಡ್ಡ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಆಪಾನ ತಮ್ಮ ಅಲ್ಲಿಂದ ತಂದುಕೊಟ್ಟಿದ್ದ ಇರಾನಿ ಜಾತಿಯ ಗಂಡು ಬೆಕ್ಕು ಅದು, ಹೆಸರು ಮಖಮಲ್. ಮೈ ತುಂಬ ಗೇಣುದ್ದ ಬಿಳಿ ಕೂದಲು, ಒತ್ತಿಟ್ಟಂಥ ಚಪ್ಪಟೆ ಮೂಗು. ಆಪಾನ ಮನೆಗೆ ಮೂರು ತಿಂಗಳು ಕೀಲಿ ಬೀಳುವುದಿತ್ತು. ಪಕ್ಕದ ಮನೆಯ ಪ್ಯಾರಿಬಿ ಕೋಳಿ ಸಾಕಿದ್ದಳು. ಅವಳ ಹುಂಜ ಮಖಮಲ್‌ನನ್ನು ಎರಡು ಸಲ ಕುಕ್ಕಿ ಅಂಗಳದಿಂದ ಓಡಿಸಿತ್ತು.

"ಇವ ನನ್ನ ಅಮಾನತ್ತು. ವಾಪಸ್ ಬಂದ್ರ ಕೊಡು. ಬರಲಿಲ್ಲಂದ್ರ ನೀನೇ ಇಟ್ಕೋ" ಎಂದರು ಆಪಾ.

ಹಜ್‌ಗೆ ಹೊರಟವರ ಮುಂದೆ ಇಲ್ಲ ಎನ್ನುವ ನಾಲಿಗೆ ಯಾರಿಗಿದೆ? ಮಲ್ಕಮ್ಮ ಹೂಂ ಎಂದಳು. ಆಪಾ ಓಣಿ ದಾಟಿದ ಮೇಲೆ ಅವಳಿಗೆ ಸಾವಕಾರರ ನೆನಪಾಯಿತು. ಮೊಳೆಯನ್ನೇ ಒಪ್ಪದವರು ಬೆಕ್ಕನ್ನು ಒಪ್ಪುತ್ತಾರೆಯೇ?

ಎರಡು ದಿನ ಬಚ್ಚಿಟ್ಟಳು. ಬಚ್ಚಿಡುವುದು ಕಷ್ಟವೇನೂ ಆಗಲಿಲ್ಲ. ಊರ ಬೆಕ್ಕಾಗಿದ್ದರೆ ಮಾಳಿಗೆ ಹತ್ತಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಇದು ಕೂಗುವುದಿಲ್ಲ, ಓಡುವುದಿಲ್ಲ, ನೆಗೆಯುವುದಿಲ್ಲ. ಮುರಿದ ಗಡಿಗೆಯ ತಳದಲ್ಲಿ ಬೂದಿ ಹಾಕಿಟ್ಟರೆ ಅಲ್ಲಿಯೇ ತನ್ನ ಕೆಲಸ ಮುಗಿಸಿ ನೀಟಾಗಿ ಮುಚ್ಚಿ ಬರುತ್ತದೆ. ಬಾಡಿಗೆ ಮನೆಗೆಂದೇ ದೇವರು ಮಾಡಿದ ಜಾತಿ ಇದು ಎಂದು ಮಲ್ಕಮ್ಮ ಅಂದುಕೊಳ್ಳುವಷ್ಟರಲ್ಲಿ ಗುಟ್ಟು ರಟ್ಟಾಯಿತು. ಶರಣಬಸಮ್ಮ ಅಂಗಳದಲ್ಲಿ ಶ್ಯಾವಿಗೆ ಒಣಹಾಕಿದ್ದರು. ಅದರಲ್ಲಿ ಒಂದು ಎಳೆ ಉಳಿದ ಎಲ್ಲಕ್ಕಿಂತ ಸಣ್ಣಗೆ, ನುಣ್ಣಗೆ ಇತ್ತು. ಇಷ್ಟು ಸಣ್ಣ ಶ್ಯಾವಿಗೆ ತನ್ನ ಕೈಯಿಂದ ಆದದ್ದು ಹೇಗೆ ಎಂದು ಮೊದಲು ಹೆಮ್ಮೆಪಟ್ಟು, ಆಮೇಲೆ ಮುಟ್ಟಿ ನೋಡಿ ಅವರು ಕೂಗಿಕೊಂಡರು.

ಸಾವಕಾರರು ಧೋತರದ ಚುಂಗು ಹಿಡಿದುಕೊಂಡು ಬಂದು ಖೋಲಿಯ ಬಾಗಿಲಲ್ಲಿ ನಿಂತರು. ಬೆಕ್ಕು ಅವರನ್ನು ನೋಡಿತು, ಎದ್ದೇಳಲಿಲ್ಲ.

"ಇದೇನಿದು, ಕುರಿಮರಿ ಏನು?"

"ಬೆಕ್ಕರಿ ಸಾವ್ಕಾರ್ರ. ಇರಾನಿ ಜಾತಿದು."

"ಇಲಿ ಹಿಡೀತದ?"

"ಇಲ್ಲರಿ."

"ಮತ್ತೇನ್ ಮಾಡ್ತದ?"

ಮಲ್ಕಮ್ಮ ಸುಳ್ಳು ಹೇಳುವ ಹೆಂಗಸಲ್ಲ. "ಕುಂದರ್ತದರಿ" ಎಂದಳು.

"ಕುಂದ್ರಾಕ ನಮ್ಮ ಮನ್ಯಾಗ ಮಂದಿ ಭಾಳ ಅದಾರ" ಎಂದರು ಸಾವಕಾರರು. "ಹೊಟ್ಟಿಗೇನ್ ಹಾಕ್ತಿ?"

ಅಲ್ಲಿಯೇ ಇತ್ತು ದೊಡ್ಡ ತೊಡಕು. ಮಖಮಲ್ ಖೀಮಾ ತಿಂದು ಬೆಳೆದ ಪ್ರಾಣಿ. ಸಾವಕಾರರದು ಶರಣರ ಮನೆತನ. ಆ ಹೊಸ್ತಿಲಿನೊಳಗೆ ಮಾಂಸದ ಹೆಸರನ್ನೂ ಎತ್ತುವಂತಿರಲಿಲ್ಲ. ಮಲ್ಕಮ್ಮ ಹಾಲು, ರೊಟ್ಟಿ, ಮೊಸರನ್ನ ಇಟ್ಟು ನೋಡಿದ್ದಳು. ಬೆಕ್ಕು ಅದನ್ನು ಮೂಸಿ, ಇದು ಯಾರದ್ದೋ ಇರಬೇಕು ಎಂಬಂತೆ ಪಕ್ಕಕ್ಕೆ ಸರಿದಿತ್ತು. ದಿನಾ ಸಂಜೆ ಪ್ಯಾರಿಬಿಯ ಮನೆಗೆ ಒಯ್ದು ಉಣ್ಣಿಸಿಕೊಂಡು ಬರುತ್ತೇನೆ, ವಾಡೆಗೆ ಮಾತ್ರ ಏನೂ ತರುವುದಿಲ್ಲ ಎಂದು ಅವಳು ಕೈಮುಗಿದಳು. ಹಜ್‌ನ ವಿಷಯವನ್ನೂ, ಕೊಟ್ಟ ಮಾತನ್ನೂ ಹೇಳಿದಳು.

ಸಾವಕಾರರು ಬಹಳ ಹೊತ್ತು ಬೆಕ್ಕನ್ನೇ ನೋಡಿದರು. ತೊಗರಿಯಾಗಿದ್ದರೆ ಕೊಳವೆ ಚುಚ್ಚಬಹುದಿತ್ತು.

"ಕಾರ ಹುಣ್ಣಿವಿ ತನಕಾ ನಮೂನಿ ನೋಡ್ತೇನಿ. ಸರಿ ಬಂದ್ರ ಇರಲಿ. ಇಲ್ಲಾಂದ್ರ ಬೆಕ್ಕರ ಹೋಗಬೇಕು, ನೀನರ ಹೋಗಬೇಕು. ಮತ್ತ ಮಾತಿಲ್ಲ."

ಕಾರ ಹುಣ್ಣಿಮೆಗೆ ಇನ್ನೂ ನಲವತ್ತು ದಿನವಿತ್ತು. ಆಪಾ ಬರುವುದು ಶ್ರಾವಣಕ್ಕೆ. ತಾಲೂಕು ಆಫೀಸಿನ ಗುಮಾಸ್ತ ಬಸವಂತರಾಯ ಎಂಬವನು ಇದೇ ಖೋಲಿ ಕೇಳಿಕೊಂಡು ಆಗಲೇ ಎರಡು ಸಲ ಬಂದು ಹೋಗಿದ್ದ. ಅವನಿಗೆ ಬೆಕ್ಕೂ ಇರಲಿಲ್ಲ, ಗಡಗಡ ಎನ್ನುವ ಯಂತ್ರವೂ ಇರಲಿಲ್ಲ. ಈ ಖೋಲಿ ಹೋದರೆ ಬಜಾರಿನ ಸುತ್ತ ಒಂಟಿ ಹೆಂಗಸಿಗೆ ಇನ್ನೊಂದು ಸಿಗುವುದಿಲ್ಲ, ಗಿರಾಕಿಗಳೆಲ್ಲ ಚದುರಿಹೋಗುತ್ತಾರೆ. ಬೆಕ್ಕನ್ನು ಬಿಟ್ಟರೆ ಕಸುಬು ಕೊಟ್ಟ ಹೆಂಗಸಿಗೆ ಕೊಟ್ಟ ಮಾತು ಹೋಗುತ್ತದೆ. ಮಲ್ಕಮ್ಮ ಎರಡನ್ನೂ ಬಿಡಲು ತಯಾರಿರಲಿಲ್ಲ. ಆದರೆ ಬಿಡದಿರುವುದು ಹೇಗೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ದಿನಾ ಸಂಜೆ ಬಜಾರಿನ ಜನ ಒಂದು ತಮಾಷೆ ನೋಡಿದರು. ಮಲ್ಕಮ್ಮ ಹೆಗಲಿಗೆ ಕೈಚೀಲ ಹಾಕಿಕೊಂಡು ದರ್ಗಾ ಓಣಿಯ ಕಡೆ ನಡೆಯುತ್ತಿದ್ದಳು, ಚೀಲದಿಂದ ಒಂದು ಬಿಳಿ ಮುಖ ಹೊರಗೆ ನೋಡುತ್ತಿತ್ತು. ಪ್ಯಾರಿಬಿ ಹುಂಜವನ್ನು ಬುಟ್ಟಿಯಡಿ ಮುಚ್ಚಿ, ಖೀಮಾ ಉಣ್ಣಿಸಿ ಕಳಿಸುತ್ತಿದ್ದಳು. ವಾಪಸು ಬಂದರೆ ವಾಡೆಯ ಹೊಸ್ತಿಲಲ್ಲಿ ಶರಣಬಸಮ್ಮ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಬಾಯಿ ತೊಳೆಯದೆ ಒಳಗೆ ಪ್ರವೇಶವಿಲ್ಲ. ಮೊದಲ ದಿನ ಬೆಕ್ಕು ಪರಚಿತು. ನಾಲ್ಕನೆಯ ದಿನ ತಾನೇ ಮುಖ ಎತ್ತಿ ಕೊಟ್ಟಿತು.

"ನಮ್ಮ ಮೊಮ್ಮಗಕ್ಕಿಂತ ಇದಾ ಶಾಣ್ಯಾ ಅದ" ಎಂದರು ಶರಣಬಸಮ್ಮ.

ಹಗಲೆಲ್ಲ ಅದು ಯಂತ್ರದ ಕೆಳಗೆ, ಮಲ್ಕಮ್ಮನ ಕಾಲ ಪಕ್ಕದಲ್ಲಿ ಶಹಾಬಾದ ಫರ್ಸಿಕಲ್ಲಿನ ನೆಲದ ಮೇಲೆ ಮಲಗಿರುತ್ತಿತ್ತು. ಕಾಲು ತುಳಿಯುತ್ತ ತುಳಿಯುತ್ತ ಮಲ್ಕಮ್ಮ ಅದರ ಜೊತೆ ಮಾತಾಡಲು ಶುರುಮಾಡಿದಳು. ಯಾರ ಕುಪ್ಪಸ ಬಿಗಿಯಾಯಿತು, ಯಾರ ಮಗಳಿಗೆ ಕಂಕಣ ಕೂಡಿತು, ಹುಲೆಪ್ಪ ಇದ್ದಿದ್ದರೆ ಏನನ್ನುತ್ತಿದ್ದ. ಹದಿನೈದು ವರ್ಷ ಅವಳು ತನ್ನ ಖೋಲಿಯಲ್ಲಿ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಹೊರಗಿನಿಂದ ಬಂದು ಕೀಲಿ ತೆಗೆದಾಗ ಒಳಗೆ ಒಂದು ಜೀವ ಇದೆ ಅನ್ನಿಸುವುದು ಎಂಥ ಸುಖ ಎಂದು ಅವಳಿಗೆ ಆಗ ತಿಳಿಯಿತು. ಅಮಾನತ್ತಿನ ಮಾಲಿನ ಮೇಲೆ ಮನಸ್ಸಿಡಬಾರದು ಎಂಬುದೂ ಗೊತ್ತಿತ್ತು. ಮನಸ್ಸು ಕೇಳಬೇಕಲ್ಲ.

ಆದರೆ ಕೂದಲು! ಅದು ಉದುರಿದ ಪರಿಯನ್ನು ಏನೆಂದು ಹೇಳುವುದು. ಗಿರಾಕಿ ಹೀರಾಬಾಯಿ ಟೀಚರ್ ಯಾರದೋ ಮದುವೆಗೆಂದು ಹೊಲಿಸಿದ ಕರಿ ಕುಪ್ಪಸ ತೊಟ್ಟು ಹೋಗಿ, ಮುದುಕಿಯಂತೆ ಬೆಳ್ಳಗಾಗಿ ಬಂದರು. "ಮಲ್ಕಮ್ಮಾ, ನಾ ಬಟ್ಟಿ ಅಷ್ಟೇ ಕೊಟ್ಟಿದ್ದೆ. ಕಸೂತಿ ಯಾಕ ಹಾಕಿದಿ?" ಎಂದು ಕೇಳಿದರು. ಮಲ್ಕಮ್ಮ ದಿನಕ್ಕೆ ಎರಡು ಸಲ ಬಾಚಿದಳು, ಒದ್ದೆ ಬಟ್ಟೆಯಿಂದ ಒರೆಸಿದಳು. ಅದರ ಮೇಲೆ ಮೇ ತಿಂಗಳ ಬಿಸಿಲು. ತಗಡಿನ ಕೆಳಗೆ ರೊಟ್ಟಿ ತನ್ನಷ್ಟಕ್ಕೆ ಬೇಯುವಂಥ ಕಾವು. ಮಖಮಲ್ ನಾಲಿಗೆ ಹೊರಗೆ ಹಾಕಿ ತೇಕುವುದನ್ನು ನೋಡಿ ಅವಳು ತಗಡಿನ ಮೇಲೆ ಒದ್ದೆ ಗೋಣಿ ಹಾಸಿದಳು, ಫರ್ಸಿಗೆ ನೀರು ಸುರಿದಳು. ಹೈದರಾಬಾದಿನ ದೊಡ್ಡ ಮನೆಗಳ ತಂಪು ಕೋಣೆಯಲ್ಲಿ ಬೆಳೆಯುವ ಜಾತಿಯನ್ನು ಆಳಂದದ ತಗಡಿನಡಿ ಇಡುವುದು ನ್ಯಾಯವೇ ಎಂದು ಅವಳಿಗೇ ಅನುಮಾನ ಬಂತು.

ಕಾರ ಹುಣ್ಣಿಮೆಗೆ ಇನ್ನು ಹದಿನೆಂಟು ದಿನ ಎನ್ನುವಾಗ ಆಗಬಾರದ್ದು ಆಯಿತು. ಶರಣಬಸಮ್ಮ ಬೆಳಿಗ್ಗೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚುತ್ತಿದ್ದರು. ಬೆರಳಿನ ಜೊತೆ ಒಂದು ಬಿಳಿ ಕೂದಲೂ ಬಂತು. ಅವರು ಎದ್ದು ಮತ್ತೆ ಸ್ನಾನ ಮಾಡಿ ಬಂದು ಕೂತರು. ಸಿಟ್ಟಿಗೆದ್ದದ್ದು ಸಾವಕಾರರು.

"ಇನ್ನೊಂದು ಕೂದಲ ಪೂಜಿ ಖೋಲಿಗಿ ಬಂತು ಅಂದ್ರ ನಮೂನಿ ಮುಗೀತು ಅಂತ ತಿಳಕೋ, ಮಲ್ಕಮ್ಮ. ಬಸವಂತರಾಯ ನಾಳಿಗೇ ಬರಾಕ ತಯಾರದಾನ."

ಅದೇ ದಿನ ಸಂತೆಗೆ ಮಟಕಿಯಿಂದ ಬೀರಣ್ಣ ಬಂದಿದ್ದ. ಮಲ್ಕಮ್ಮನ ತವರೂರಿನ ಕುರುಬ, ಅವಳು ಚಿಕ್ಕಂದಿನಿಂದ ಕಾಕಾ ಎಂದು ಕರೆದವನು. ಐವತ್ತು ವರ್ಷದಿಂದ ಕುರಿಯ ಉಣ್ಣೆ ಕತ್ತರಿಸಿದ ಕೈ. ಅವನ ಹೆಗಲಿನ ಚೀಲದಲ್ಲಿ ಉದ್ದ ಅಲಗಿನ ಕತ್ತರಿ ಕಂಡದ್ದೇ ತಡ, ಮಲ್ಕಮ್ಮನ ತಲೆಗೆ ಒಂದು ಯೋಚನೆ ಹೊಳೆಯಿತು. ಕೂದಲಿದ್ದರೆ ತಾನೆ ಉದುರುವುದು? ಕೂದಲಿದ್ದರೆ ತಾನೆ ಸೆಖೆ?

"ಕಾಕಾ, ಒಂದು ಜೀವ ಅದ. ಕುರಿ ಅಲ್ಲ. ಆದ್ರ ಕುರಿಗಿಂತ ಉಣ್ಣಿ ಜಾಸ್ತಿ ಅದ."

ಬೀರಣ್ಣ ಬೆಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬೆಕ್ಕಿಂದು ಯಾರೂ ಕತ್ತರಿಸಿಲ್ಲ, ಮಗಳ. ಆದ್ರ ಉಣ್ಣಿ ಅಂದ್ರ ಉಣ್ಣಿನೇ" ಎಂದು ಅಂಗಳದ ಕಟ್ಟೆಯ ಮೇಲೆ ನೆರಳಿನಲ್ಲಿ ಕೂತ. ಕುರಿಯನ್ನು ಹಿಡಿಯುವಂತೆ ಮೊಣಕಾಲ ನಡುವೆ ಹಿಡಿದು, ಹೊಟ್ಟೆಯಿಂದ ಶುರುಮಾಡಿ, ಬೆನ್ನಿನವರೆಗೆ ಚರ್ ಚರ್ ಎಂದು ಕತ್ತರಿ ಬಿಟ್ಟ. ಮಖಮಲ್ ಒಮ್ಮೆಯೂ ಕೂಗಲಿಲ್ಲ. ಬಹುಶಃ ಇಂಥದ್ದೂ ಜಗತ್ತಿನಲ್ಲಿದೆ ಎಂದು ನಂಬುವುದೇ ಅದಕ್ಕೆ ಕಷ್ಟವಾಗಿರಬೇಕು. ಕುರಿಯ ತಲೆ, ಬಾಲ ಮುಟ್ಟುವ ಪದ್ಧತಿ ಬೀರಣ್ಣನಿಗಿರಲಿಲ್ಲ, ಇಲ್ಲಿಯೂ ಮುಟ್ಟಲಿಲ್ಲ. ಕೆಲಸ ಮುಗಿದಾಗ ಫರ್ಸಿಯ ಮೇಲೆ ನಿಂತಿದ್ದದ್ದು ದೊಡ್ಡ ಬಿಳಿ ತಲೆ, ಪೊದೆಯಂಥ ಬಾಲ, ನಡುವೆ ಏನೂ ಇಲ್ಲ.

"ಇಷ್ಟಾ ಏನು ಇವ!" ಎಂದ ಬೀರಣ್ಣ.

ವಾಡೆಯ ಜನ ನಕ್ಕರು, ಬಜಾರಿನವರು ಬಂದು ನಕ್ಕರು. "ಮಖಮಲ್ ಹೋಗಿ ಗೋಣಿತಟ್ಟು ಆತು. ಇನ್ನ ಒಂದು ಅಂಗಿ ಹೊಲದು ಹಾಕು" ಎಂದು ಹೀರಾಬಾಯಿ ಟೀಚರ್ ಸೇಡು ತೀರಿಸಿಕೊಂಡರು. ಬೆಕ್ಕು ಟ್ರಂಕಿನ ಹಿಂದೆ ಸೇರಿ ಎರಡು ದಿನ ಹೊರಗೆ ಬರಲಿಲ್ಲ. ಮಲ್ಕಮ್ಮ ಟ್ರಂಕಿನ ಮುಂದೆ ಕೂತು ಅತ್ತಳು. ಇಟ್ಟುಹೋದ ಮಾಲನ್ನು ಕೇಳದೆ ಕತ್ತರಿಸಿಬಿಟ್ಟಿದ್ದಳು. ಆಪಾ ಬಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು?

ಆಗ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಕತ್ತರಿಸಿದ್ದು ಗಿರಾಕಿಯದು, ವಾಪಸು ಕೊಡಬೇಕು. ಕಟ್ಟೆಯ ಮೇಲೆ ಬಿದ್ದಿದ್ದ ಕೂದಲನ್ನೆಲ್ಲ ಒಂದೆಳೆ ಬಿಡದೆ ಆಯ್ದಳು. ಮೊದಲಿನಿಂದ ಬಾಚಿ ತೆಗೆದು ಕಟ್ಟಿಟ್ಟಿದ್ದನ್ನೂ ಸೇರಿಸಿ, ಚೂರು ಬಟ್ಟೆಯ ಒಂದು ಸಡಿಲ ಚೀಲ ಹೊಲಿದು ತುಂಬಿದಳು. ಸಣ್ಣ ದಿಂಬಿನಷ್ಟಾಯಿತು. ಖೋಲಿಯಲ್ಲಿಟ್ಟರೆ ಗಿರಾಕಿಗಳ ಬಟ್ಟೆಗೆ ಹತ್ತುತ್ತದೆ, ಅಂಗಳದಲ್ಲಿಡುವಂತಿಲ್ಲ, ತೂಗುಹಾಕಲು ಮೊಳೆಯಿಲ್ಲ. ಶರಣಬಸಮ್ಮನವರನ್ನು ಕೇಳಿದಳು.

"ಗೋದಾಮಿನ್ಯಾಗ ಇಡು ತಗೋ. ಅಲ್ಲಿ ಯಾರ ಪೂಜಿನೂ ಇಲ್ಲ" ಎಂದರು ಅವರು.

ತೊಗರಿ ಚೀಲಗಳ ಸಾಲಿನ ಮೂಲೆಯಲ್ಲಿ ಅದನ್ನಿಟ್ಟು, ಮೇಲೊಂದು ಗೋಣಿ ಮುಚ್ಚಿ ಬಂದಳು ಮಲ್ಕಮ್ಮ.

ಮೂರನೆಯ ದಿನ ಮಖಮಲ್ ಹೊರಗೆ ಬಂತು. ಬಂದದ್ದು ಬೇರೆಯೇ ಬೆಕ್ಕು. ಮೈ ಹಗುರಾಗಿ, ತೇಕುವುದು ನಿಂತು, ಅದು ಖೋಲಿಯಲ್ಲಿ ಮೊದಲ ಸಲ ಓಡಿತು. ದಾರದ ಉಂಡೆಯನ್ನು ಮೂಲೆಯಿಂದ ಮೂಲೆಗೆ ತಳ್ಳಿತು. ಬಿಸಿಲಿಗೆ ಮಾತ್ರ ಬಿಡಬೇಡ, ಬರೇ ಮೈ ಸುಡುತ್ತದೆ ಎಂದು ಬೀರಣ್ಣ ಹೇಳಿ ಹೋಗಿದ್ದ, ಹಾಗಾಗಿ ಹಗಲು ಬಾಗಿಲು ಮುಚ್ಚಿಯೇ ಇರುತ್ತಿತ್ತು. ಪೂಜೆ ಖೋಲಿಗೆ ಮತ್ತೆ ಕೂದಲು ಹೋಗಲಿಲ್ಲ. ಆದರೆ ಸಾವಕಾರರು ಏನೂ ಹೇಳಲೊಲ್ಲರು. ಬಸವಂತರಾಯ ಮೂರನೆಯ ಸಲ ಬಂದು ಅಂಗಳದಲ್ಲಿ ಚಹಾ ಕುಡಿಯುತ್ತ, ಖೋಲಿಯ ಕಡೆ ನೋಡಿ, ಮಂಚ ಎಲ್ಲಿ ಹಾಕಬೇಕು ಎಂದು ಲೆಕ್ಕಹಾಕುತ್ತಿದ್ದ.

ಕಾರ ಹುಣ್ಣಿಮೆ ಬಂತು. ಊರೆಲ್ಲ ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸಿತು. ಮರುದಿನ ಬೆಳಿಗ್ಗೆ ಮಲ್ಕಮ್ಮ ದಬ್ಬಣ, ಸುತಳಿ ಹಿಡಿದು ಗೋದಾಮಿಗೆ ಹೋದಳು. ಖೋಲಿ ಬಿಡುವುದಾದರೂ ಬಾಕಿ ಉಳಿದ ತೇಪೆ ಹಾಕಿಯೇ ಬಿಡಬೇಕು ಎಂಬ ಹಟ. ಸ್ವಲ್ಪ ಹೊತ್ತಿಗೆ ಸಾವಕಾರರು ತಮ್ಮ ಕಬ್ಬಿಣದ ಕೊಳವೆ ಹಿಡಿದು ಬಂದರು. ಕೊನೆಯ ಮಾತು ಹೇಳಲೆಂದೇ ಬಂದಿದ್ದಾರೆ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ದಬ್ಬಣ ಹಿಡಕೊಂಡು ಸುಮ್ಮ ಕುಂತೀಯಲ್ಲ, ಹೊಲೀಲಿಕ್ಕ ಏನಾತು?"

"ಹೊಲೀಲಿಕ್ಕ ಚೀಲಾನೇ ಇಲ್ರಿ ಸಾವ್ಕಾರ್ರ."

"ಚೀಲಿಲ್ಲಂದ್ರ?"

"ಇಲಿ ಕಡದ ಚೀಲ ಇಲ್ರಿ. ಹ್ವಾದ ವಾರ ಎರಡೇ ಇದ್ದವು. ಈ ವಾರ ಈ ಸಾಲಿನ್ಯಾಗ ಒಂದೂ ಇಲ್ಲ. ಆ ತುದಿ ಇನ್ನ ನೋಡಬೇಕ್ರಿ."

ಸಾವಕಾರರು ಬಗ್ಗಿ ನೋಡಿದರು. ಆ ಮೂಲೆಯಲ್ಲಿ ಇಲಿಯ ಹಿಕ್ಕೆ ಇರಲಿಲ್ಲ, ಹರಿದ ಗೋಣಿಯ ಎಳೆ ಇರಲಿಲ್ಲ, ಚೆಲ್ಲಿದ ಕಾಳೂ ಇರಲಿಲ್ಲ. ಗೋಣಿ ಎತ್ತಿದರೆ ಕೂದಲಿನ ಚೀಲ ಕಂಡಿತು. ಮೂಗಿಗೆ ಹಿಡಿದು ಮೂಸಿದರು. ಆಮೇಲೆ ಗೋದಾಮಿನ ಆಚೆಯ ತುದಿಗೆ ಹೋದರು. ಅಲ್ಲಿ ನಾಲ್ಕು ಚೀಲ ಎಂದಿನಂತೆ ತೂತಾಗಿದ್ದವು. ಅವರು ತಿರುಗಿ ಬಂದು ಕೂದಲಿನ ಚೀಲವನ್ನು ಎತ್ತಿಕೊಂಡು ಹೋಗಿ ಆ ತುದಿಯಲ್ಲಿಟ್ಟರು.

"ಮ್ಯಾಲಿಂದು ನೋಡಿದಂಗಾತು. ನಡುವಿಂದು ನೋಡಬೇಕು. ತಳದ್ದೂ ಅದ" ಎಂದರು.

"ಹಂಗಾದ್ರ ಖೋಲಿರಿ?"

"ನಮೂನಿ ಮುಗದಿಲ್ಲ ಅಂದ್ನೆಲ್ಲ!" ಎಂದು ಸಿಡುಕಿ ಹೊರಟುಹೋದರು. ಆ ಸಿಡುಕನ್ನು ಕೇಳಿ ಮಲ್ಕಮ್ಮನಿಗಾದ ಸಂತೋಷ, ಅವರು ನಕ್ಕು ಮಾತಾಡಿದ್ದರೂ ಆಗುತ್ತಿರಲಿಲ್ಲ.

ವಾರಕ್ಕೊಂದು ಮೂಲೆಯಂತೆ ಸಾವಕಾರರೇ ಆ ಚೀಲವನ್ನು ಜಾಗ ಬದಲಿಸಿದರು. ಹೋದ ಹೋದ ಕಡೆ ಇಲಿಗಳು ಕಡಿಮೆಯಾದವು. ಅದು ಕೂದಲಿನ ಪ್ರತಾಪವೋ, ಬೆಕ್ಕಿನ ವಾಸನೆಯೋ, ಮಳೆ ಬಿದ್ದು ಹೊಲದಲ್ಲಿ ಬೇರೆ ತಿನಿಸು ಸಿಕ್ಕಿತೋ ಯಾರಿಗೂ ಗೊತ್ತಿಲ್ಲ. ಶರಣಬಸಮ್ಮನವರು ಮಾತ್ರ ಇದೆಲ್ಲ ತಮ್ಮ ಪೂಜೆಯ ಫಲ ಎಂದೇ ಕಡೆಯವರೆಗೂ ಹೇಳಿದರು. ಏನೇ ಇರಲಿ, ಬಸವಂತರಾಯ ನಾಲ್ಕನೆಯ ಸಲ ಬಂದಾಗ ಅವನಿಗೆ ಚಹಾ ಸಿಗಲಿಲ್ಲ.

ಶ್ರಾವಣ ಶುರುವಾದ ವಾರ ಆಪಾ ಬಂದರು. ಹಡಗಿನ ಪ್ರಯಾಣ ಅವರ ಮೊಣಕಾಲನ್ನು ತಿಂದುಹಾಕಿತ್ತು. ತಮ್ಮನ ಹೆಗಲು ಹಿಡಿದುಕೊಂಡು ವಾಡೆಯ ಮೆಟ್ಟಿಲು ಹತ್ತಿದರು. ಮುಖ ಮಾತ್ರ ಹತ್ತು ವರ್ಷ ಚಿಕ್ಕದಾದಂತೆ ಬೆಳಗುತ್ತಿತ್ತು. ಖರ್ಜೂರದ ಪೊಟ್ಟಣ ಮಲ್ಕಮ್ಮನ ಕೈಗಿಟ್ಟು ಸುತ್ತ ನೋಡಿದರು.

ಮಲ್ಕಮ್ಮ ಮೊದಲು ಬೆಕ್ಕನ್ನು ತೋರಿಸಲಿಲ್ಲ. ಗೋದಾಮಿಗೆ ಹೋಗಿ ಕೂದಲಿನ ಚೀಲ ತಂದು ಆಪಾನ ಮಡಿಲಲ್ಲಿಟ್ಟಳು.

"ಆಪಾ, ನಿಮ್ಮ ಮಾಲ ನಾ ಕೇಳದಾ ಕತ್ತರಿಸೀನಿ. ಕೂಡಿಡಲಿಕ್ಕ ಆದಷ್ಟು ಪೂರಾ ಅದ, ನೋಡಿ ತಗೋರಿ. ಮಾಫ್ ಮಾಡ್ರಿ."

ಆಪಾ ಚೀಲ ಬಿಚ್ಚಿ ನೋಡಿ ಏನೂ ತಿಳಿಯದೆ ಕೂತರು. ಅಷ್ಟರಲ್ಲಿ ಯಂತ್ರದ ಕೆಳಗಿನಿಂದ ಮಖಮಲ್ ಬಂತು. ಮೈ ಮೇಲೆ ಬೆರಳಗಲದ ಹೊಸ ಕೂದಲು ಬಂದಿತ್ತು, ತಲೆ ಹಾಗೇ ದೊಡ್ಡದಿತ್ತು. ಆಪಾ ಅದನ್ನು ನೋಡಿದರು, ಚೀಲ ನೋಡಿದರು, ಮತ್ತೆ ಅದನ್ನು ನೋಡಿದರು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ನಾ ಅಲ್ಲಿ ತನಕಾ ಹೋಗಿ, ಹಜ್‌ನ ವಾಡಿಕಿಯಂಗ ಬೆರಳ ತುದಿಯಷ್ಟು ಕೂದಲ ಕತ್ತರಿಸಿ ಕೊಟ್ಟು ಬಂದೆ, ಬೇಟಿ. ಇವ ಇಲ್ಲಿ ಕುಂತಲ್ಲೇ ಪೂರಾ ಕೊಟ್ಟಾನಲ್ಲ!" ಎಂದು ಮಲ್ಕಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡರು. "ಒಂದೆಳಿನೂ ಬಿಟ್ಟಿಲ್ಲ. ನಾ ಕಲಿಸಿದ್ದು ಎಲ್ಲೂ ಹೋಗಿಲ್ಲ."

ಮಲ್ಕಮ್ಮನ ಎದೆಯ ಭಾರ ಇಳಿಯಿತು. ಇಳಿದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಮಾಲಿನ ಒಡತಿ ಬಂದಿದ್ದಾರೆ, ಮಾಲು ಕೊಡಬೇಕು. ಅವಳು ಎದ್ದು ಬೆಕ್ಕನ್ನು ಕೈಚೀಲದಲ್ಲಿ ಕೂರಿಸಿದಳು. ಸಂಜೆಯ ಖೀಮಾ ಎಂದುಕೊಂಡು ಅದು ಖುಷಿಯಿಂದಲೇ ಕೂತಿತು.

ಬಾಗಿಲಲ್ಲಿ ಸಾವಕಾರರು ನಿಂತಿದ್ದರು.

"ಎಲ್ಲಿಗಿ ಹೊಂಟದ ಅದು?"

"ಅವರ ಮನಿಗಿರಿ. ಅವರದೇ ಅಲ್ರಿ."

"ಬಾಡಿಗಿಗಿ ಇದ್ದವರು ಹಿಂಗ ಹೇಳದಾ ಕೇಳದಾ ಎದ್ದು ಹೋಗಾಕ ಬರಂಗಿಲ್ಲ. ಒಂದು ತಿಂಗಳ ಮೊದಲಾ ಹೇಳಬೇಕು!" ಎಂದರು ಸಾವಕಾರರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಮುಂದಿನ ಸುಗ್ಗಿಗಿ ಹೊಸ ತೊಗರಿ ಬರ್ತದ. ಆಗೇನ್ ಮಾಡ್ಲಿ ನಾ?"

ಆಪಾ ಸಾವಕಾರರನ್ನು ನೋಡಿದರು, ಆಮೇಲೆ ಕೈಚೀಲದ ಹಿಡಿಕೆಯನ್ನು ಬಿಡಲಾರದೆ ಹಿಡಿದಿದ್ದ ಮಲ್ಕಮ್ಮನ ಬೆರಳುಗಳನ್ನು ನೋಡಿದರು. ಅರವತ್ತು ದಾಟಿದ ಹೆಂಗಸು, ನಲವತ್ತು ವರ್ಷ ಸೂಜಿಯ ಕಣ್ಣಿಗೆ ದಾರ ಪೋಣಿಸಿದವರು. ಅವರಿಗೆ ಕಾಣದ್ದು ಏನಿದೆ?

"ಸಾವ್ಕಾರ ಸಾಹೇಬ್ರ, ನನ್ನ ಮೊಣಕಾಲ ಹ್ವಾದವು. ಬಗ್ಗಿ ಇವನ್ನ ಬಾಚಾಕ ನನಗ ಆಗೂದಿಲ್ಲ. ಹಗಲೆಲ್ಲ ಇಲ್ಲೇ ಇರಲಿ. ಸಂಜೀಗಿ ಮಲ್ಕಮ್ಮ ಕರಕೊಂಡು ನನ್ನ ಮನೀಗಿ ಬರ್ಲಿ. ಊಟ ನನ್ನಲ್ಲಿ, ವಾಸ ನಿಮ್ಮಲ್ಲಿ." ಮಲ್ಕಮ್ಮನ ಕಡೆ ತಿರುಗಿ ಮೆಲ್ಲಗೆ ಅಂದರು, "ಅಮಾನತ್ತು ಬರೋಬ್ಬರಿ ವಾಪಸ್ ಬಂತು. ಇದು ಈಗ ನಾ ಕೊಡೂದು."

ಮರುವಾರ ಸಾವಕಾರರು ಬಡಿಗನನ್ನು ಕರೆಸಿದರು. ಬೆಕ್ಕು ಗೋದಾಮಿಗೆ ಹೋಗಿ ಬರಬೇಕು, ಅದಕ್ಕಾಗಿ ಹೊತ್ತುಹೊತ್ತಿಗೆ ಬಾಗಿಲು ತೆಗೆಯುತ್ತ ಕೂತರೆ ಹೊಲಿಗೆ ಯಾರು ಮಾಡುತ್ತಾರೆ ಎಂಬುದು ಅವರ ವಾದ. ಮಲ್ಕಮ್ಮನ ಬಾಗಿಲಿನ ಕೆಳಗೆ ಗೇಣಗಲದ ಕಿಂಡಿ ಕೊರೆಯಲು ಹೇಳಿದರು. ಒಳ್ಳೆಯ ಸಾಗವಾನಿ ಬಾಗಿಲು, ಅವರ ತಂದೆಯ ಕಾಲದ್ದು. ಗರಗಸ ಆಡುತ್ತಿರುವುದನ್ನು ಮಲ್ಕಮ್ಮ ನಂಬಲಾರದೆ ನೋಡುತ್ತ ನಿಂತಳು. ನಾಳೆ ಖಾಲಿ ಮಾಡಿಸುವ ಖೋಲಿಯ ಬಾಗಿಲನ್ನು ಯಾರೂ ಕೊರೆಸುವುದಿಲ್ಲ ಎಂಬುದು ಅವಳಿಗೆ ನಿಧಾನವಾಗಿ ಹೊಳೆಯಿತು. ಹದಿನೈದು ವರ್ಷ ಬಾರದ ಧೈರ್ಯ ಆಗ ಬಂತು.

"ಸಾವ್ಕಾರ್ರ, ಒಂದು ಮಾತು. ಬಡಿಗೇರಣ್ಣ ಹೆಂಗೂ ಬಂದಾನ. ಗ್ವಾಡಿಗಿ ಒಂದು ಮೊಳಿ..."

ಸಾವಕಾರರು ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತ ಹುಲೆಪ್ಪನನ್ನು ನೋಡಿದರು. ಮೂರು ವರ್ಷದಲ್ಲಿ ಅವನು ಅವರ ಕಣ್ಣಿಗೆ ಬಿದ್ದದ್ದು ಅದೇ ಮೊದಲು ಇರಬೇಕು. ಬಡಿಗನ ಪೆಟ್ಟಿಗೆಯಿಂದ ತಾವೇ ಒಂದು ಉದ್ದ ಮೊಳೆ ಆರಿಸಿದರು, ಬೆಳಕಿಗೆ ಹಿಡಿದು ಡೊಂಕಿದೆಯೇ ನೋಡಿದರು, ಎಲ್ಲಿ ಎಂದು ಕೇಳಿ ತಾವೇ ಹೊಡೆದರು.

"ಒಂದಾ ಮೊಳಿ, ಹಾಂ. ಎರಡನೇದ್ದು ಕೇಳಬ್ಯಾಡ" ಎಂದು ಹೇಳಿ ಸುತ್ತಿಗೆ ಇಟ್ಟು ಹೋದರು.

ಅಂದು ಮಧ್ಯಾಹ್ನ ಮಲ್ಕಮ್ಮ ಹುಲೆಪ್ಪನ ಫೋಟೋವನ್ನು ಮೊಳೆಗೆ ತೂಗುಹಾಕಿ, ಟ್ರಂಕಿನ ತಳದವರೆಗೆ ಬಟ್ಟೆ ತೆಗೆದು ಬಿಸಿಲಿಗೆ ಹಾಕಿದಳು. ದೀಪಾವಳಿಗೆ ಕನ್ನಡಿ ತೂಗುಹಾಕಬೇಕೆನ್ನಿಸಿತು. ಎರಡನೆಯ ಮೊಳೆಯನ್ನು ಅವಳು ಯಾರನ್ನೂ ಕೇಳದೆ ಹೊಡೆದಳು.